ಗುಳಿಗೆಗಳ ಕೂಡಾವಳಿ

ಎರಡು ಗುಳಿಗೆಗಳು ಒಂದೇ ಹೊಟ್ಟೆಯೊಳಗೆ ಸಂಸಾರ ಹೂಡುವುದಕ್ಕೆ ಮೊದಲು ಅವುಗಳ ಜಾತಕ ಕೂಡಿಸಿ ಕೂಡಾವಳಿ ನೋಡುವ ಹಾಗಿದ್ದರೆ ಹೇಗಿರುತ್ತಿತ್ತು? ಈ ಮಾತು ನೀಲಾಂಬಿಕೆಯ ಬಾಯಿಂದ ಬಂದದ್ದು ಸುಮ್ಮನೆ, ಬೇಸರಕ್ಕೆ, ಚಹಾದ ಕಪ್ಪು ಕೈಯಲ್ಲಿದ್ದಾಗ. ಬಂದ ಮಾತು ಬಂದ ಹಾಗೇ ಗಾಳಿಯಲ್ಲಿ ಹೋಗಿದ್ದರೆ ಈ ಕಥೆಯೂ ಇರುತ್ತಿರಲಿಲ್ಲ, ಶ್ರಾವಣದ ಕಡೆಯ ಸೋಮವಾರ ಬೆಟಗೇರಿಯ ಅವಳ ಮನೆಯಲ್ಲಿ ಎದ್ದ ಗದ್ದಲವೂ ಇರುತ್ತಿರಲಿಲ್ಲ.

ಅವಳು ಕೆಲಸ ಮಾಡುತ್ತಿದ್ದದ್ದು ಗದಗಿನ ಔಷಧ ಸುರಕ್ಷಾ ಕೇಂದ್ರದಲ್ಲಿ. ಆ ಕೇಂದ್ರದವರು ಊರಿನ ಮನೆಮನೆಗೂ ಒಂದೊಂದು ಪೆಟ್ಟಿಗೆ ಕೊಟ್ಟಿದ್ದರು. ನೋಡಲಿಕ್ಕೆ ವಿಭೂತಿ ಗಟ್ಟಿ ಇಡುವ ಡಬ್ಬಿಯಷ್ಟು. ಅದರ ಬಟ್ಟಲಿಗೆ ಗುಳಿಗೆ ಹಾಕಿದರೆ ಒಳಗಿಂದ ಒಂದು ಬೆಳಕು ಹಾಯ್ದು, ಅದರಲ್ಲಿ ಏನೇನಿದೆ ಎಂದು ಓದಿಕೊಳ್ಳುತ್ತಿತ್ತು. ಮನೆಯವರ ಮುಂಗೈಗೆ ಕಟ್ಟಿದ ಪಟ್ಟಿ ಬೆವರು ನೋಡಿ, ನಾಡಿ ನೋಡಿ, ಯಾರ ಯಕೃತ್ತು ಎಷ್ಟು ಗಟ್ಟಿ, ಯಾರ ಮೂತ್ರಪಿಂಡ ಎಷ್ಟು ಚುರುಕು ಎಂದು ಮೊದಲೇ ತಿಳಿದುಕೊಂಡಿರುತ್ತಿತ್ತು. ಕೇಂದ್ರದ ಯಂತ್ರ ಈ ಎರಡನ್ನೂ ಸೇರಿಸಿ ಆ ಮನುಷ್ಯನದೇ ಒಂದು ನೆರಳುದೇಹವನ್ನು ತನ್ನೊಳಗೆ ಎಬ್ಬಿಸಿ ಕೂಡಿಸಿ, ಗುಳಿಗೆಗಳನ್ನು ಮೊದಲು ಅದಕ್ಕೆ ನುಂಗಿಸುತ್ತಿತ್ತು. ಇಡೀ ದಿನದಲ್ಲಿ ಮೈಯೊಳಗೆ ನಡೆಯಬೇಕಾದದ್ದು ನೆರಳಿನೊಳಗೆ ಕಣ್ಣೆವೆ ಬಡಿಯುವುದರಲ್ಲಿ ನಡೆದುಹೋಗುತ್ತಿತ್ತು. ನೆರಳು ಮಲಗಿದರೆ ಮನುಷ್ಯ ಎಚ್ಚರಾಗಬೇಕು. ಇಷ್ಟೇ ಅದರ ಮರ್ಮ.

ಮರ್ಮ ಚೆನ್ನಾಗಿತ್ತು, ಮಾತು ಚೆನ್ನಾಗಿರಲಿಲ್ಲ. ಮೊದಲ ವರ್ಷ ಪೆಟ್ಟಿಗೆ ಮಾತಾಡುತ್ತಿದ್ದದ್ದು ಹೀಗೆ: "ಪರಸ್ಪರ ಪ್ರತಿಕ್ರಿಯೆಯ ಅಪಾಯದ ಸಂಭವ ಶೇಕಡಾ ಅರವತ್ತೆರಡು." ಬೆಟಗೇರಿಯ ಜನ ಕೇಳಿ, ನೂರರಲ್ಲಿ ಅರವತ್ತೆರಡು ಕಳೆದರೆ ಇನ್ನೂ ಮೂವತ್ತೆಂಟು ಉಳಿಯಿತಲ್ಲ, ಪಾಸಾಗಲಿಕ್ಕೆ ಮೂವತ್ತೈದು ಸಾಕು ಎಂದು ಲೆಕ್ಕ ಹಾಕಿ ಎರಡೂ ಗುಳಿಗೆ ಕೂಡಿಯೇ ನುಂಗುತ್ತಿದ್ದರು. ಕೇಂದ್ರದ ಮುಖ್ಯಸ್ಥ ಡಾಕ್ಟರ್ ಇನಾಮದಾರರು ತಲೆ ಮೇಲೆ ಕೈಹೊತ್ತು ಕೂತರು. ನೀಲಾಂಬಿಕೆ ಆ ಚಹಾದ ಮಾತು ಆಡಿದ್ದು ಆಗಲೇ.

ಮುಂದಿನ ಯುಗಾದಿಯ ಹೊತ್ತಿಗೆ ಪೆಟ್ಟಿಗೆಯ ಬಾಯಿ ಬದಲಾಗಿತ್ತು. "ಈ ನೆಗಡಿ ಗುಳಿಗಿಗೂ ಈ ನೋವಿನ ಗುಳಿಗಿಗೂ ಮೂವತ್ತಾರರಾಗ ಒಂಬತ್ತು ಗುಣ ಕೂಡ್ಯಾವ. ಇಬ್ಬರದೂ ಒಂದಾ ಗೋತ್ರ. ಮ್ಯಾಲೆ ನಾಡಿದೋಷ ಐತಿ. ಈ ಸಂಬಂಧ ಬ್ಯಾಡ."

ಒಂದೇ ಗೋತ್ರ ಎಂದರೆ ಒಂದೇ ಮದ್ದು ಎರಡರಲ್ಲೂ ಅಡಗಿದೆ ಎಂದು. ಅಂಗಡಿಯಲ್ಲಿ ಸಿಗುವ ನೆಗಡಿ ಗುಳಿಗೆಯ ಹೊಟ್ಟೆಯಲ್ಲಿ ಪ್ಯಾರಾಸಿಟಮಾಲ್ ಇರುತ್ತದೆ. ಡಾಕ್ಟರು ಬರೆದುಕೊಟ್ಟ ದೊಡ್ಡ ನೋವಿನ ಗುಳಿಗೆಯಲ್ಲೂ ಅದೇ ಬೇರೆ ಅಂಗಿ ತೊಟ್ಟು ಕೂತಿರುತ್ತದೆ. ಎರಡೂ ಕಡೆಯಿಂದ ಬಂದು ಯಕೃತ್ತಿನ ಮೇಲೆ ಬಿದ್ದರೆ ಅದು ಎಷ್ಟೆಂದು ತಡೆದೀತು? ನಾಡಿದೋಷವೆಂದರೆ ನಿದ್ದೆ. ನೆಗಡಿ ಗುಳಿಗೆ ಮಂಪರು ತರುತ್ತದೆ, ನೋವಿನ ಗುಳಿಗೆಯೂ ಮಂಪರು ತರುತ್ತದೆ. ಕೂಡಿದವೆಂದರೆ ಉಸಿರೂ ತೂಕಡಿಸುತ್ತದೆ. ಇದನ್ನು ಶೇಕಡಾದಲ್ಲಿ ಹೇಳಿದಾಗ ತಲೆಗೆ ಹಾಕಿಕೊಳ್ಳದವರು ಗೋತ್ರದಲ್ಲಿ ಹೇಳಿದಾಗ ಗಲ್ಲ ಗಲ್ಲ ಬಡಿದುಕೊಂಡರು. "ಯವ್ವಾ, ಅಣ್ಣ-ತಂಗಿ ಅದಾವಂತ, ಕೂಡಿಸಬಾರದು" ಎಂದು ಓಣಿಯ ಹೆಂಗಸರು ಗುಳಿಗೆಗಳನ್ನು ಗೋಡೆಯ ಬೇರೆ ಬೇರೆ ಮಾಡಗಳಲ್ಲಿ ಇಟ್ಟರು. ಕೆಮ್ಮಿನ ಔಷಧವೊಂದಕ್ಕೆ ಯಾವ ಗುಳಿಗೆಯೊಡನೆಯೂ ಹೊಂದಿಕೆಯಾಗದೆ, ಅದರ ಮನೆತನವೇ ಸರಿಯಿಲ್ಲವೆಂಬ ಹೆಸರು ಬಂತು. ಕೇಂದ್ರದವರು ಪೇಢೆ ಹಂಚಿದರು.

ಆದರೆ ಕೂಡಾವಳಿಯನ್ನು ಕರೆದರೆ ಅದು ಒಂಟಿಯಾಗಿ ಬರುವುದಿಲ್ಲ, ತನ್ನ ದಿಬ್ಬಣವನ್ನೂ ಕರೆದುಕೊಂಡೇ ಬರುತ್ತದೆ. ಒಂದು ಪೆಟ್ಟಿಗೆ ಒಲ್ಲೆನೆಂದರೆ ಜನ ಮಗ್ಗುಲ ಮನೆಯ ಪೆಟ್ಟಿಗೆಗೆ ಹೋಗಿ ಕೇಳಿಸಿದರು. ದೋಷಕ್ಕೆ ಏನಾದರೂ ಶಾಂತಿ ಉಂಟೇ ಎಂದು ಕೇಂದ್ರಕ್ಕೆ ಫೋನು ಹಚ್ಚಿದರು. "ನಾವು ನಿಮ್ಮ ಪೈಕಿನಾ ಅದೀವ್ರಿ, ಒಂದೆರಡು ಗುಣ ಜಾಸ್ತಿ ಹಾಕ್ರಿ" ಎಂದು ಸಂಬಂಧ ತೆಗೆದರು. ಇವೆಲ್ಲಕ್ಕೂ ಮಿಗಿಲಾದ ಇನ್ನೊಂದು ಪದ್ಧತಿ ಇತ್ತು. ಜಾತಕ ಕೂಡದಿದ್ದಾಗ ಮನೆಯ ಹಿರಿಯರು ಗುಟ್ಟಾಗಿ ಮಾಡುವಂಥದ್ದು. ಅದರ ಕಡೆಗೆ ಕೇಂದ್ರದಲ್ಲಿ ಯಾರ ಲಕ್ಷ್ಯವೂ ಹೋಗಿರಲಿಲ್ಲ.

ನೀಲಾಂಬಿಕೆಯ ಮಾವ ಕರಬಸಯ್ಯ ಗವಾಯಿಗಳು. ಶ್ರಾವಣ ಬಂತೆಂದರೆ ಓಣಿಯ ಮಠದಲ್ಲಿ ತಿಂಗಳಿಡೀ ಪುರಾಣ. ಶಾಸ್ತ್ರಿಗಳು ಅರ್ಥ ಹೇಳಿದರೆ ಷಟ್ಪದಿಯನ್ನು ಎತ್ತಿ ಹಾಡುವವರು ಇವರು. ಇವರ ಕಂಠದಲ್ಲಿ ಯುದ್ಧ ಬಂದರೆ ಮುಂದೆ ಕೂತ ಮುದುಕರ ತೋಳು ಅಲುಗುತ್ತಿದ್ದವು. ಶಿವನ ಮದುವೆ ಬಂದರೆ ಹೆಂಗಸರು ತಾವೇ ಬೀಗಿತಿಯರಾಗಿ ಸೆರಗು ಸರಿಮಾಡಿಕೊಳ್ಳುತ್ತಿದ್ದರು. ಮೂವತ್ತು ಶ್ರಾವಣ ಹೀಗೆ ಕಳೆದಿತ್ತು. ಈ ಸಲ ನಡುವೆ, ಮಳೆಗೆ ನೆಂದ ಮಠದ ಮೆಟ್ಟಿಲ ಮೇಲೆ ಜಾರಿ ಬಿದ್ದು ಬಲಭುಜದ ಎಲುಬು ಬಿರುಕು ಬಿಟ್ಟಿತು. ಡಾಕ್ಟರು ಜೋಳಿಗೆ ಕಟ್ಟಿ, ಬಲವಾದ ನೋವಿನ ಗುಳಿಗೆ ಬರೆದುಕೊಟ್ಟರು. ಹಿಂದೊಮ್ಮೆ ಕಾಮಾಲೆಯಾಗಿ ಯಕೃತ್ತು ಸೊರಗಿದ ಮನುಷ್ಯ, ಬೇರೆ ಯಾವ ಗುಳಿಗೆಯನ್ನೂ ಕೇಳದೆ ಕೊಡಬೇಡಿ ಎಂದೂ ಹೇಳಿದ್ದರು. ಅಷ್ಟರ ಮೇಲೆ ಪುರಾಣ ಮುಗಿಸುವ ಮಂಗಲಕ್ಕೆ ಒಂದು ದಿನ ಇದೆ ಎನ್ನುವಾಗ ನೆಗಡಿ ಬಂತು. ಮೂಗು ಕಟ್ಟಿ, "ಶಿವಾ" ಎಂದರೆ ಕಂಚಿನ ಕೊಡದೊಳಗಿಂದ ಕೂಗಿದ ಹಾಗೆ ಕೇಳಿಸತೊಡಗಿತು.

ಅದೇನು ಬರೀ ನೆಗಡಿಯ ಮಾತಾಗಿರಲಿಲ್ಲ. ಮಠದ ಕಮಿಟಿಯ ಹುಚ್ಚೀರಪ್ಪ ಎಂಬುವನು, ಹುಬ್ಬಳ್ಳಿಯಲ್ಲಿ ಹಾಡುವ ಕಂಠಯಂತ್ರ ಬಂದಿದೆ, ಅದಕ್ಕೆ ಪುರಾಣವನ್ನು ಉಣಿಸಿಬಿಟ್ಟರೆ ಯಾವ ರಾಗದಲ್ಲಿ ಬೇಕಾದರೂ ಹಾಡುತ್ತದೆ, ಅದಕ್ಕೆ ಜಾರಿ ಬೀಳುವ ಭಯವೂ ಇಲ್ಲ, ನೆಗಡಿಯೂ ಇಲ್ಲ ಎಂದು ಸಭೆಯಲ್ಲಿ ಆಡಿದ್ದ. ಮಂಗಲದ ದಿನ ಗವಾಯಿಗಳ ಹಾಡಿಕೆ ಹೇಗಾಗುತ್ತದೋ ನೋಡಿ ಮುಂದಿನ ವರ್ಷದ್ದು ನಿರ್ಧರಿಸೋಣ ಎಂದು ಕಮಿಟಿ ಎದ್ದಿತ್ತು. ಕರಬಸಯ್ಯನವರು ಇದನ್ನು ಕೇಳಿ ನಕ್ಕರು. ಅವರ ಹೆಂಡತಿ ಶಿವಗಂಗಮ್ಮ ನಗಲಿಲ್ಲ. ಭಾನುವಾರವೇ ನೆಗಡಿ ಗುಳಿಗೆ ತರಿಸಿ, ನೋವಿನ ಗುಳಿಗೆಯ ಜೊತೆ ಪೆಟ್ಟಿಗೆಯ ಬಟ್ಟಲಿಗೆ ಹಾಕಿ ನೋಡಿದರು. ಒಂಬತ್ತು ಗುಣ.

ಸೋಮವಾರ ಮಧ್ಯಾಹ್ನ ರೊಟ್ಟಿ ಊಟವಾದ ಮೇಲೆ ಮಾವನ ಕೈಗೆ ನೋವಿನ ಗುಳಿಗೆ ಕೊಟ್ಟು, ನೀರು ಕುಡಿಸಿ, ನೀಲಾಂಬಿಕೆ ಎರಡನೆಯ ಪಾಳಿಗೆ ಕೇಂದ್ರಕ್ಕೆ ಹೋದಳು.

ನಿಯಂತ್ರಣ ಕೋಣೆಯ ಗೋಡೆಯ ತುಂಬ ಗದಗ-ಬೆಟಗೇರಿಯ ನಕಾಶೆ. ಮನೆಗೊಂದು ದೀಪ. ಕೂಡಾವಳಿ ಕೇಳಿದ ಮನೆಯ ದೀಪ ಮಿಣುಕುತ್ತದೆ. ಕೂಡಿದರೆ ಹಸಿರು, ಕೂಡದಿದ್ದರೆ ಕೆಂಪು. ಸಂಜೆಯ ಹೊತ್ತಿಗೆ ಇನಾಮದಾರರು ಅದರ ಮುಂದೆ ಮಗುವಿನ ಹಾಗೆ ಹಿಗ್ಗಿ ನಿಂತಿದ್ದರು.

"ಬರ್ರಿ ಮೇಡಂ, ಬರ್ರಿ. ಇದನ್ನ ನೋಡ್ರಿ. ಬೆಟಗೇರಿ ಮಂದಿ ನೋವಿನ ಗುಳಿಗಿ ಯಾವಾಗ ತಗೋತಾರ ಅಂತ ತಿಂಗಳದ್ದು ತಗಸೀನಿ. ಎಲ್ಲಾರೂ ನಸುಕಿನ ನಾಕಕ್ಕ! ಹಲ್ಲುನೋವು ಇರಲಿ, ಸೊಂಟನೋವು ಇರಲಿ, ನಾಕಕ್ಕ ಅಂದ್ರ ನಾಕಕ್ಕನಾ."

"ಎಲ್ಲಾರೂ ಹೆಂಗ ಸರ್ ಆ ಹೊತ್ತಿನ್ಯಾಗ ಏಳ್ತಾರ?"

"ಅದಾ ನನ್ನ ಶೋಧನ!" ಎಂದು ಅವರು ಕುರ್ಚಿ ಎಳೆದುಕೊಂಡರು. "ಕಪ್ಪತಗುಡ್ಡದಿಂದ ನಸುಕಿನ್ಯಾಗ ತಂಪು ಗಾಳಿ ಇಳೀತೈತಿ. ಅದು ಸೀದಾ ಬೆಟಗೇರಿ ಮ್ಯಾಲೆ ಬರತೈತಿ. ಎಲುಬಿನ ಸಂದಿಗೆ ಹೊಕ್ಕೊಂಡು ನೋವು ಎಬ್ಬಸತೈತಿ. 'ಬ್ರಾಹ್ಮೀ ಮುಹೂರ್ತದ ನೋವು' ಅಂತ ಹೆಸರಿಟ್ಟೀನಿ. ಮುಂದಿನ ವಾರ ಪುಣೆದಾಗ ಓದತೀನಿ. ಮೂವತ್ತು ಪುಟ ಆಗೇತಿ."

ನೀಲಾಂಬಿಕೆ ಗೋಡೆಯ ಕಡೆ ನೋಡಿದಳು. ಮಠದ ಬೆನ್ನಿಗಿರುವ ತಮ್ಮ ಮನೆಯ ದೀಪ ಮಿಣುಕುತ್ತಿತ್ತು. ಮಿಣುಕಿ ಮಿಣುಕಿ ಹಸಿರಾಯಿತು. ಅವಳು ಓಡಿಹೋಗಿ ತನ್ನ ಮೇಜಿನ ಮೇಲೆ ಅದನ್ನು ಬಿಚ್ಚಿ ನೋಡಿದಳು. ನೋವಿನ ಗುಳಿಗೆ, ನೆಗಡಿ ಗುಳಿಗೆ. ನುಂಗುವವರು ಕರಬಸಯ್ಯ. ಇಪ್ಪತ್ತೇಳು ಗುಣ. ನೋವಿನ ಗುಳಿಗೆ ತೆಗೆದುಕೊಂಡ ವೇಳೆ, ನಸುಕಿನ ನಾಲ್ಕು.

ನಸುಕಿನ ನಾಲ್ಕಕ್ಕೆ ಮಾವ ಪಡಸಾಲೆಯಲ್ಲಿ ಗೊರಕೆ ಹೊಡೆಯುತ್ತಿದ್ದರು. ಕಟ್ಟಿದ ಮೂಗಿನ ಆ ಗೊರಕೆಗೆ ಇಡೀ ಮನೆ ಎಚ್ಚರಾಗಿತ್ತು. ಗುಳಿಗೆ ಕೊಟ್ಟದ್ದು ತಾನೇ, ಮಧ್ಯಾಹ್ನ. ಅದು ಈಗ ಅವರ ಮೈಯೊಳಗೆ ಪೂರಾ ಏರಿ ಕೂತಿದೆ. ಯಂತ್ರಕ್ಕೆ ಮಾತ್ರ ಅದು ಇಳಿದುಹೋಗಿದೆ ಎಂದು ಹೇಳಲಾಗಿದೆ.

ಆಗ ಅವಳಿಗೆ ಗೋಡೆಯ ತುಂಬ ಮಿನುಗುವ ದೀಪಗಳ ಅರ್ಥ ಒಮ್ಮೆಲೇ ಹೊಳೆಯಿತು. ವಯಸ್ಸಾದವರು ವೇಳೆ ಮರೆಯುತ್ತಾರೆಂದು, ಹಿಂದಿನ ಗುಳಿಗೆ ಯಾವಾಗ ತೆಗೆದುಕೊಂಡಿರಿ ಎಂಬುದನ್ನು ಬಾಯಿಮಾತಿನಲ್ಲಿ ಹೇಳುವ ಸವಲತ್ತು ಇಟ್ಟವರು ಕೇಂದ್ರದವರೇ. ಕೈಪಟ್ಟಿಗೆ ಮೈ ಗೊತ್ತು, ನುಂಗಿದ ಹೊತ್ತು ಗೊತ್ತಿಲ್ಲ. ಜಾತಕ ಕೂಡದಿದ್ದರೆ ಊರ ಹಿರಿಯರು ಏನು ಮಾಡುತ್ತಾರೋ ಅದನ್ನೇ ಬೆಟಗೇರಿ ಮಾಡಿತ್ತು: ವೇಳೆಯನ್ನು ಸ್ವಲ್ಪ ಹಿಂದಕ್ಕೆ ಸರಿಸಿತ್ತು. ಸರಿಸುವುದೇ ಆದರೆ ಶುಭ ಮುಹೂರ್ತಕ್ಕೇ ಸರಿಸೋಣವೆಂದು ಎಲ್ಲರೂ ಬ್ರಾಹ್ಮೀ ಮುಹೂರ್ತವನ್ನೇ ಹಿಡಿದಿದ್ದರು.

"ಸರ್, ಗುಡ್ಡದ ಗಾಳಿ ಅಲ್ಲ. ಮಂದಿ ಸುಳ್ಳು ಹೇಳಾಕತ್ತಾರ."

ಇನಾಮದಾರರು ಕನ್ನಡಕ ತೆಗೆದರು. "ಅಂದ್ರ ನೋವಿಲ್ಲ?"

"ನೋವೈತಿ ಸರ್. ನಾಕಕ್ಕಿಲ್ಲ."

"ಮೂವತ್ತು ಪುಟ ಮೇಡಂ..."

"ಸರ್, ನಮ್ಮ ಮಾವಾರು ಈಗ ಆ ಗುಳಿಗಿ ನುಂಗ್ತಾರ!"

ಪುಟಗಳ ದುಃಖವನ್ನು ಇನಾಮದಾರರು ಅಲ್ಲಿಗೇ ಬಿಟ್ಟರು. ನಿಜವಾದ ವೇಳೆ ಹಾಕಿ ನೋಡಿದರೆ ಕರಬಸಯ್ಯನವರ ನೆರಳುದೇಹ ಕೂತಲ್ಲೇ ವಾಲಿತು. ಯಕೃತ್ತಿನ ಕಡೆ ಕೆಂಪು, ಉಸಿರಿನ ಕಡೆ ಕೆಂಪು. ಒಂಬತ್ತು. ಹೊಸ ತೀರ್ಪನ್ನು ಮನೆಯ ಪೆಟ್ಟಿಗೆಗೆ ಕಳಿಸಿದರೆ ಪೆಟ್ಟಿಗೆ ಬಂದ್ ಆಗಿತ್ತು. ಶುಭದ ಮಾತು ಬಂದ ಮೇಲೆ ಮತ್ತೊಮ್ಮೆ ಕೇಳಿಸಬಾರದೆಂದು ಶಿವಗಂಗಮ್ಮ ಅದರ ಬಾಯಿ ಮುಚ್ಚಿ, ಮೇಲೊಂದು ಖಣದ ಬಟ್ಟೆ ಹೊದಿಸಿಬಿಟ್ಟಿದ್ದರು. ಫೋನು ಹಚ್ಚಿದರೆ ಎತ್ತುವವರಿಲ್ಲ. ಮಾವನ ಸಂಜೆಯ ಲಿಂಗಪೂಜೆಯ ಹೊತ್ತು, ಮನೆಯಲ್ಲಿ ಆಗ ಫೋನು ಎತ್ತುವುದಿಲ್ಲ. ಗಂಡ ಮಠದಲ್ಲಿ ಮೈಕು ಕಟ್ಟಿಸುತ್ತಿದ್ದ. ಆ ಗದ್ದಲದಲ್ಲಿ ಅವನಿಗೂ ಕೇಳಿಸಲಿಲ್ಲ. ಪೂಜೆ ಮುಗಿಯುವವರೆಗೆ ಮಾವ ನೀರೂ ಮುಟ್ಟುವವರಲ್ಲ. ಅದೊಂದೇ ಅವಳ ಪಾಲಿಗೆ ಉಳಿದ ಸಮಯ.

ಕೆಳಗಿಳಿದು ಚಾಲಕನಿಲ್ಲದ ರಿಕ್ಷಾ ಹತ್ತಿದಳು. ಆ ರಿಕ್ಷಾಗಳಿಗೆ ಓಡುವುದನ್ನು ಕಲಿಸಿದ್ದು ಊರಿನ ಹಳೆಯ ರಿಕ್ಷಾದವರ ಓಡಾಟವನ್ನೇ ತೋರಿಸಿ. ಹೀಗಾಗಿ ಅವು ಓಡುವುದನ್ನಷ್ಟೇ ಕಲಿತಿರಲಿಲ್ಲ. ಹಳೇ ಬಸ್‌ಸ್ಟ್ಯಾಂಡಿನ ಹತ್ತಿರ ಇವಳ ರಿಕ್ಷಾ ತಾನಾಗಿ ನಿಂತು, ಇನ್ನಿಬ್ಬರು ಗಿರಾಕಿ ಬರುತ್ತಾರೇನೋ ಎಂದು ಕಾಯಿತು. "ನಡಿ, ನಡಿ, ಮನ್ಯಾಗ ಅಡಚಣಿ ಐತಿ" ಎಂದು ನೀಲಾಂಬಿಕೆ ಚೀರಿದಳು. ಅದು ಎರಡು ಸಲ ಹಾರ್ನು ಹೊಡೆದು, ಯಾರೂ ಬರಲಿಲ್ಲವೆಂದು ಬೇಸರಪಟ್ಟಂತೆ ನಿಧಾನಕ್ಕೆ ಹೊರಟು, ಚಹಾದಂಗಡಿಯ ಮುಂದೆ ಮತ್ತೆ ನಿಂತಿತು. ಅವಳು ಜಿಗಿದಿಳಿದು, ಸೀರೆಯ ನೆರಿಗೆ ಎತ್ತಿ ಹಿಡಿದು, ಕೆಸರಿನಲ್ಲಿ ಓಣಿ ಹಿಡಿದು ಓಡಿದಳು.

ಅಡುಗೆಮನೆಯ ಕಟ್ಟೆಯ ಮೇಲೆ ಬಸಿಯಲ್ಲಿ ನೆಗಡಿ ಗುಳಿಗೆ, ಪಕ್ಕದಲ್ಲಿ ಮುಚ್ಚಿಟ್ಟ ನೀರಿನ ಲೋಟ. ಒಳಗಿನಿಂದ ಪೂಜೆಯ ಗಂಟೆ ಕೇಳುತ್ತಿತ್ತು. ಶಿವಗಂಗಮ್ಮ ಹೊಸ ಇಳಕಲ್ ಸೀರೆ ಉಟ್ಟು, ಮಠಕ್ಕೆ ಒಯ್ಯುವ ಹೂವು ಕಟ್ಟುತ್ತಾ ಕೂತಿದ್ದರು.

"ಅತ್ತೀ, ಮಾವಾರು ಗುಳಿಗಿ ತಗೊಂಡ್ರೇನು?"

"ಪೂಜಿ ಮುಗೀಲಿ, ತಗೋತಾರ. ನೀ ಯಾಕ ಹಿಂಗ ತೇಕಾಕತ್ತಿ? ಕಾಲು ತೊಳಕೊ ಮೊದಲ. ನಿಮ್ಮ ಪೆಟ್ಟಿಗಿನಾ ಹೂಂ ಅಂದೈತಿ. ಇಪ್ಪತ್ತೇಳು ಗುಣ! ನಿನ್ನ ಲಗ್ನಕ್ಕೂ ಅಷ್ಟು ಕೂಡಿದ್ದಿಲ್ಲ."

"ನಸುಕಿನ್ಯಾಗ ನೋವಿನ ಗುಳಿಗಿ ತಗೊಂಡಾರಂತ ಯಾಕ ಹೇಳಿದ್ರಿ? ಮಧ್ಯಾಹ್ನ ನಾನಾ ಕೊಟ್ಟೀನಿ."

ಶಿವಗಂಗಮ್ಮನ ಕೈ ನಿಲ್ಲಲಿಲ್ಲ. ಒಂದು ಹೂವು, ಒಂದು ಗಂಟು. "ವ್ಯಾಳ್ಯಾ ಸ್ವಲ್ಪ ಹಿಂದ ಸರಿಸೀನಿ. ಅದರಾಗ ಏನೈತಿ? ಇಡೀ ಓಣಿ ಸರಸತೈತಿ. ಮೊದಲ ನಾನಾ ಸರಿಸಿದ್ದು, ಆಮ್ಯಾಲೆ ಅವರೆಲ್ಲ ನನ್ನ ಕೇಳಿ ಕಲತರು."

"ನೀವಾ ಕಲಿಸಿದ್ರಿ?" ನೀಲಾಂಬಿಕೆ ಗೋಡೆಗೆ ಆತುಕೊಂಡಳು. ಇನಾಮದಾರರ ಕಪ್ಪತಗುಡ್ಡದ ಗಾಳಿ ತನ್ನ ಅಡುಗೆಮನೆಯಿಂದಲೇ ಬೀಸಿತ್ತು.

"ಗುಣ ಕೂಡದಾಗ ಮತ್ತೇನ ಮಾಡಬೇಕವಾ? ಸಂಬಂಧ ಬಿಟ್ಟಬಿಡೋದೇನು? ನನ್ನ ಲಗ್ನಕ್ಕೂ ಹಂಗಾ ಆಗಿತ್ತು. ನನ್ನ ಜಾತಕಕ್ಕೂ ಇವರ ಜಾತಕಕ್ಕೂ ಹನ್ನೆರಡಾ ಗುಣ. ನಮ್ಮ ಸೋದರಮಾವ ಶಾಣ್ಯಾ. ನಾ ಹುಟ್ಟಿದ ವ್ಯಾಳ್ಯಾ ಅರ್ಧ ತಾಸು ಹಿಂದ ಸರಿಸಿ ಬರಿಸಿದ. ಇಪ್ಪತ್ನಾಕು ಕೂಡಿದ್ವು. ಏನರ ಆತೇನು ಇಷ್ಟು ವರ್ಷ? ಮಕ್ಕಳಾದ್ವು, ಮೊಮ್ಮಕ್ಕಳಾದ್ವು, ಮನಿ ಕಟ್ಟಿಸಿದ್ವಿ."

"ಅತ್ತೀ, ಅದು ಕಾಗದದ ಮ್ಯಾಲಿನ ಮಾತು. ಇದು ಹೊಟ್ಟ್ಯಾಗಿನ ಮಾತು. ಯಂತ್ರಕ್ಕ ಸುಳ್ಳು ಹೇಳಬಹುದು, ಮಾವಾರ ಹೊಟ್ಟಿಗೆ ಹೆಂಗ ಹೇಳ್ತೀರಿ, ನೀ ಮಧ್ಯಾಹ್ನದ್ದು ನುಂಗಿಲ್ಲ ಅಂತ? ಹಾಡತಾ ಹಾಡತಾ ನಿದ್ದಿ ಹತ್ತಿ, ಉಸರು ಸಣ್ಣಾಗಿ ಬಿಡತೈತಿ. ಮೊದಲಾ ಕಾಮಾಲಿ ಆದ ಮೈ."

ಹೂವಿನ ಕೈ ಈಗ ನಿಂತಿತು. ಆದರೆ ದನಿ ಏರಿತು. "ಮತ್ತ ಆ ಹುಚ್ಚೀರಪ್ಪ ತನ್ನ ಡಬ್ಬಿ ತಂದ ಇಡಲೇನು ಇವರ ಗದ್ದುಗಿ ಮ್ಯಾಲೆ? ಮಂಗಲದ ದಿನ ಮೂಗಿನ್ಯಾಗ ಹಾಡಿದ್ರ ಮಂದಿ ನಗಂಗಿಲ್ಲೇನು? ಹಾಡ ಬಿಟ್ಟು ಈ ಮನಷ್ಯಾ ಉಳೀತಾರ ಅಂತ ತಿಳದೀಯೇನು ನೀನು? ಮೂವತ್ತು ವರ್ಷ ಆ ಕಂಠಕ್ಕ ಬಿಸಿನೀರು ಕಾಸಿ ಕೊಟ್ಟಾಕಿ ನಾನು. ನಿನಗೇನ ಗೊತ್ತೈತಿ?"

ಕೇಂದ್ರದ ಯಂತ್ರದ ನೆರಳುದೇಹಕ್ಕೆ ಯಕೃತ್ತು ಇತ್ತು, ಉಸಿರು ಇತ್ತು. ಹಾಡು ಇಲ್ಲದೆ ಹೋದರೆ ಮನುಷ್ಯನಿಗೆ ಏನಾಗುತ್ತದೆ ಎಂದು ನೋಡುವ ಜಾಗ ಅದರಲ್ಲಿ ಇರಲಿಲ್ಲ.

ಅಷ್ಟರಲ್ಲಿ ಗಂಟೆ ನಿಂತು, ಹಣೆಯ ತುಂಬ ವಿಭೂತಿ ಧರಿಸಿ ಕರಬಸಯ್ಯನವರು ಬಾಗಿಲಲ್ಲಿ ಬಂದು ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಎಡಗೈಯಿಂದ ಬಸಿಯೊಳಗಿನ ಗುಳಿಗೆ ಎತ್ತಿಕೊಂಡರು.

"ಮಾವಾರ, ಬ್ಯಾಡ್ರಿ" ಎಂದಳು ಸೊಸೆ.

"ತಗೋರಿ, ಇಪ್ಪತ್ತೇಳು ಗುಣ ಐತಿ" ಎಂದರು ಹೆಂಡತಿ.

ಕರಬಸಯ್ಯನವರು ಗುಳಿಗೆಯನ್ನು ಬೆರಳ ನಡುವೆ ಹಿಡಿದು, ಪದ್ಯ ಎತ್ತಿಕೊಳ್ಳುವ ಮುಂಚೆ ಶ್ರುತಿ ಕೇಳುವವರ ಹಾಗೆ ತಲೆ ವಾಲಿಸಿದರು. ಆಮೇಲೆ ಆ ಕಂಚಿನ ಕೊಡದ ದನಿಯಲ್ಲಿ ಕೇಳಿದರು:

"ನಮ್ಮ ಲಗ್ನದಾಗ ವ್ಯಾಳ್ಯಾ ಸರಿಸಿದ್ರೇನು?"

ಶಿವಗಂಗಮ್ಮ ಒಂದು ಗಳಿಗೆ ತಬ್ಬಿಬ್ಬಾದರು. ಆದರೆ ಅವರು ಸೋಲುವ ಪೈಕಿಯವರಲ್ಲ. "ಸರಿಸಿದ್ರು. ಏನೀಗ? ಆಗೇತೇನು ಏನರ?"

"ನಿನಗೇನೂ ಆಗಿಲ್ಲ" ಎಂದರು ಕರಬಸಯ್ಯ. ಮೂಗು ಒರೆಸಿಕೊಂಡರು. "ನನ್ನ ಕೇಳಿದವರು ಯಾರು?"

ನೀಲಾಂಬಿಕೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಹನ್ನೆರಡು ಗುಣದ ಸಂಸಾರ ಹೆಂಗಿರತೈತಿ ಅಂತ ನನಗ ಗೊತ್ತೈತಿ" ಎಂದು ಅವರು ಗುಳಿಗೆಯನ್ನು ಮೆಲ್ಲಗೆ ಬಸಿಗೆ ಹಾಕಿದರು. "ಇದಕ್ಕ ನಿನ್ನೆ ಪೆಟ್ಟಿಗಿ ಒಂಬತ್ತಾ ಅಂದಿತ್ತು. ನನ್ನ ಕೈಲೆ ಆಗಂಗಿಲ್ಲವಾ. ಬಿಸಿನೀರು ಕಾಸು."

ಶಿವಗಂಗಮ್ಮ ಎದ್ದರು. ಪಾತ್ರೆ ಒಲೆಯ ಮೇಲೆ ಕೂತ ಸಪ್ಪಳ ಮಠದವರೆಗೆ ಕೇಳಿಸಿರಬೇಕು. ನೀರು ಕಾದ ಮೇಲೆ ಗಂಡನ ತಲೆಯ ಮೇಲೆ ಕಂಬಳಿ ಹೊದಿಸಿ ಹಬೆ ಹಿಡಿಸಿದರು. ಹಿಡಿಸುತ್ತಾ ಹಿಡಿಸುತ್ತಾ, ಕಂಬಳಿಯೊಳಗಿನ ತಲೆಗೆ ತಿರುಗಿ ಮಾತಾಡಲು ಬರುವುದಿಲ್ಲ ಎಂಬುದನ್ನು ನೋಡಿಕೊಂಡು, ತಮ್ಮ ಕಡೆಯ ಹನ್ನೆರಡು ಗುಣಗಳ ಲೆಕ್ಕವನ್ನೂ ಒಂದೊಂದಾಗಿ ಒಪ್ಪಿಸಿದರು.

ಮಠ ಕಿಕ್ಕಿರಿದಿತ್ತು. ಹುಚ್ಚೀರಪ್ಪ ಮುಂದಿನ ಸಾಲಿನಲ್ಲೇ ಕಾಲು ಚಾಚಿ ಕೂತಿದ್ದ. ಅಂದಿನ ಪ್ರಸಂಗ ಶಿವನ ಮದುವೆ, ಕೊನೆಗೆ ಗೌರಿಯನ್ನು ಗಂಡನ ಮನೆಗೆ ಕಳಿಸುವುದು. ಮೊದಲ ಪದ್ಯಕ್ಕೇ ಗವಾಯಿಗಳ ಮೂಗು ಕೈಕೊಟ್ಟಿತು. ಹಬೆ ಅರ್ಧ ದಾರಿ ಬಿಡಿಸಿತ್ತು, ಉಳಿದರ್ಧ ಹಾಗೇ ಇತ್ತು. ದಿಬ್ಬಣ ಬರುವ ಪದ್ಯದಲ್ಲಿ ಏರುದನಿ ಒಡೆಯಿತು. ಹಿಂದೆಲ್ಲೋ ಯಾರೋ ಕಿಸಕ್ಕೆಂದರು. ಹುಚ್ಚೀರಪ್ಪ ಪಕ್ಕದವನ ಕಡೆ ತಿರುಗಿ ಹುಬ್ಬು ಹಾರಿಸಿದ. ಶಿವಗಂಗಮ್ಮ ಸೊಸೆಯ ಮೊಣಕೈ ಹಿಡಿದು ಉಗುರು ಊರಿದರು. ನೀಲಾಂಬಿಕೆಯ ಒಂದು ಕಣ್ಣು ಗದ್ದುಗೆಯ ಮೇಲೆ, ಇನ್ನೊಂದು ಕಣ್ಣು ಕೈಯಲ್ಲಿದ್ದ ಫೋನಿನ ಮೇಲೆ. ಮಾವನ ಕೈಪಟ್ಟಿ ಅಲ್ಲಿಗೆ ಅವರ ಉಸಿರನ್ನು ಕಳಿಸುತ್ತಿತ್ತು. ಉಸಿರು ಚೆನ್ನಾಗಿತ್ತು. ಹಾಡು ಚೆನ್ನಾಗಿರಲಿಲ್ಲ.

ಕರಬಸಯ್ಯನವರು ಒಮ್ಮೆ ನಿಲ್ಲಿಸಿದರು. ನೀರು ಗುಟುಕರಿಸಿದರು. ಏರುದನಿಯ ಆಸೆ ಬಿಟ್ಟು, ಹಾರ್ಮೋನಿಯಂನವನಿಗೆ ಶ್ರುತಿ ಇಳಿಸಲು ಸನ್ನೆ ಮಾಡಿದರು. ಗೌರಿಯ ತಾಯಿ ಮಗಳ ಕೈಯನ್ನು ಅಳಿಯನ ಕೈಗಿಡುವ ಪದ್ಯವನ್ನು ತಗ್ಗಿನಲ್ಲಿ, ನಿಧಾನವಾಗಿ ಎತ್ತಿಕೊಂಡರು. ಬೆಟ್ಟದ ರಾಣಿಯಾದರೂ ತಾಯಿಯಲ್ಲವೇ. ಬೂದಿ ಬಳಿದವನ ಮನೆ ಹ್ಯಾಂಗೋ ಏನೋ ಎಂಬ ಅಂಜಿಕೆ ಒಂದು ಕಡೆ, ಬೀಗರೆದುರು ಅಳಬಾರದೆಂಬ ಬಿಂಕ ಇನ್ನೊಂದು ಕಡೆ. ಆ ತಾಯಿಯ ದನಿ ಹೇಗಿದ್ದೀತು? ಅತ್ತು ಅತ್ತು ಮೂಗು ಕಟ್ಟಿದವರ ದನಿಯ ಹಾಗೇ ಇರಬೇಕಲ್ಲ. ಮಾತು ಗಂಟಲಿಗೆ ಬಂದು ನಿಂತು, ಮತ್ತೆ ಹೊರಟು, ನಡುವೆ ಉಸಿರು ಸಿಕ್ಕಿಕೊಂಡು, ಒಮ್ಮೆ ಮೂಗು ಏರಿಸಿದ್ದು ಮೈಕಿನಲ್ಲಿ ಕೇಳಿಸಿದಾಗ ಸಭೆಯಲ್ಲಿ ಒಂದು ಪಿಸುಮಾತಿಲ್ಲ. ಎರಡನೆಯ ಪದ್ಯಕ್ಕೆ ಮೊದಲ ಬಿಕ್ಕು ಹೆಂಗಸರ ಕಡೆಯಿಂದ ಬಂತು. ನಾಲ್ಕನೆಯದಕ್ಕೆ ಗಂಡಸರು ಟೋಪಿ ತೆಗೆದು ಕಣ್ಣೊರೆಸುತ್ತಿದ್ದರು. ಹುಚ್ಚೀರಪ್ಪನಿಗೆ ಹಿಂದಿನ ಯುಗಾದಿಗೆ ಲಗ್ನ ಮಾಡಿಕೊಟ್ಟ ಮಗಳಿದ್ದಳು. ಅವನು ಚಾಚಿದ ಕಾಲು ಮಡಚಿಕೊಂಡು, ಮುಖವನ್ನು ಹೆಗಲ ಮೇಲಿನ ವಲ್ಲಿಯಲ್ಲಿ ಮುಚ್ಚಿಕೊಂಡ.

"ನೆಗಡಿ" ಎಂದರು ಶಿವಗಂಗಮ್ಮ ಸೊಸೆಯ ಕಿವಿಯಲ್ಲಿ. "ಬರೇ ನೆಗಡಿ."

"ಸುಮ್ಮನಿರ್ರಿ ಅತ್ತೀ."

"ಏನ ಅಳ್ತಾವ ನೋಡ, ಬುದ್ಧಿ ಇಲ್ಲದ ಮಂದಿ" ಎಂದು ಹೇಳುವಾಗ ಅವರ ಗಲ್ಲದ ಮೇಲಿಂದ ನೀರು ಇಳಿದು ಹೊಸ ಸೀರೆಯ ಮೇಲೆ ಬಿತ್ತು. ಗದ್ದುಗೆಯ ಮೇಲೆ ಕರಬಸಯ್ಯನವರೂ ಎಡಗೈಯಿಂದ ಕಣ್ಣು ಒರೆಸಿಕೊಂಡರು. ಅದು ನೆಗಡಿಯ ನೀರೋ ಗೌರಿಯ ತಾಯಿಯದೋ, ಕೈಪಟ್ಟಿಗೂ ತಿಳಿಯಲಿಲ್ಲ.

ಮಂಗಳಾರತಿಯಾದ ಮೇಲೆ ಹುಚ್ಚೀರಪ್ಪ ಬಂದು ಕಾಲಿಗೆ ಬಿದ್ದ. "ಆ ಡಬ್ಬಿಗೆ ಈ ಅಳು ಬರಂಗಿಲ್ರೀ ಅಜ್ಜಾರ. ಮುಂದಿನ ವರ್ಷವೂ ನೀವಾ. ಇದಾ ದನಿ ಹಿಡೀರಿ ಮತ್ತ" ಎಂದ. ಕರಬಸಯ್ಯನವರು ಅವನ ತಲೆಯ ಮೇಲೆ ಕೈಯಿಟ್ಟು ಆಶೀರ್ವಾದ ಮಾಡಲು ಬಾಯಿ ತೆರೆದು, ಅವನ ಮೇಲೆಯೇ ಸೀನಿದರು.

ಮರುದಿನ ಕೇಂದ್ರದಲ್ಲಿ ಇನಾಮದಾರರು ಮೂವತ್ತು ಪುಟಗಳಿಗೆ ಬಟ್ಟೆ ಸುತ್ತಿ ಕಪಾಟಿನಲ್ಲಿಟ್ಟು, ಬಾಯಿಮಾತಿನ ವೇಳೆಗೆ ಬೇಲಿ ಹಾಕುವುದು ಹೇಗೆ ಎಂದು ಕೂತರು. ಸವಲತ್ತು ತೆಗೆದುಬಿಟ್ಟರೆ ನಿಜವಾಗಿ ಮರೆಯುವ ಮುದುಕರಿಗೆ ತೊಂದರೆ. ಜನ ಸುಳ್ಳು ಹೇಳಬಾರದೆಂದು ಹೇಳಿದರೆ ಜನ ಕೇಳುತ್ತಾರೆಯೇ?

"ಸರ್, ಜಾತಕ ಅಂದ ಮ್ಯಾಲೆ ಎರಡೂ ಕಡೆಯವರು ಬೇಕು" ಎಂದಳು ನೀಲಾಂಬಿಕೆ. "ಗುಳಿಗಿ ತಗೊಂಡವರು ಒಂದು ವ್ಯಾಳ್ಯಾ ಹೇಳಲಿ. ಮನ್ಯಾಗಿನ ಇನ್ನೊಬ್ಬರು ಒಂದು ಹೇಳಲಿ. ಎರಡೂ ಒಂದಾ ಆದ್ರ ಗುಣ ಎಣಸೋಣು. ಇಲ್ಲಾಂದ್ರ ಮಾತು ಮುಗಿಯೂತನಾ ಯಾವ ಗುಳಿಗಿನೂ ಬ್ಯಾಡ."

ಹಾಗೆಯೇ ಆಯಿತು. ಮಂಗಲಕ್ಕೆ ಬಂದ ಊರಿಗೆಲ್ಲ ಗವಾಯಿಗಳ ನೆಗಡಿ ಪ್ರಸಾದದ ಹಾಗೆ ಹಂಚಿಹೋಗಿದ್ದರಿಂದ ಆ ವಾರ ಗೋಡೆಯ ಮೇಲಿನ ದೀಪಗಳು ಎಡೆಬಿಡದೆ ಮಿಣುಕಿದವು. ಆದರೆ ಗಂಡ ಹೇಳಿದ ವೇಳೆಗೂ ಹೆಂಡತಿ ಹೇಳಿದ ವೇಳೆಗೂ ಹೊಂದಿಕೆಯಾದ ಮನೆ ಬೆಟಗೇರಿಯಲ್ಲಿ ಒಂದೂ ಸಿಗಲಿಲ್ಲ. ಒಬ್ಬರು ಊಟಕ್ಕೆ ಮುಂಚೆ ಎಂದರೆ ಒಬ್ಬರು ಊಟವಾದ ಮೇಲೆ. ಯಾವ ಊಟ, ಅಂದು ಪಲ್ಯ ಯಾವುದಿತ್ತು, ಅದಕ್ಕೆ ಉಪ್ಪು ಯಾಕೆ ಹೆಚ್ಚಾಗಿತ್ತು, ಉಪ್ಪಿನ ಮಾತು ಬಂದಮೇಲೆ ಯಾರ ತವರಿನ ಕೈ ಎಂಥದ್ದು ಎಂದು ಮಾತು ಬೆಳೆಯುತ್ತಾ ಹೋಗುತ್ತಿತ್ತು. ಪೆಟ್ಟಿಗೆ ನಡುವೆ ಬಾಯಿ ಹಾಕುತ್ತಿರಲಿಲ್ಲ. ಕೊನೆಗೊಮ್ಮೆ ಇಬ್ಬರೂ ದಣಿದು, ಹೋಗಲಿ, ನಿನ್ನ ಮಾತೇ ಖರೆ ಎಂದು ಒಬ್ಬರು ಒಪ್ಪಿ ಬಟ್ಟಲಿಗೆ ಗುಳಿಗೆ ಹಾಕುವ ಹೊತ್ತಿಗೆ, ಮೊದಲು ನುಂಗಿದ ಗುಳಿಗೆ ಮೈಯಿಂದ ಪೂರಾ ಇಳಿದುಹೋಗಿರುತ್ತಿತ್ತು.